ಆಲದ ಮರದಡಿಯ ತಗಡಿನ ಪೆಟ್ಟಿಗೆ

ಆರ್. ಕೆ. ನಾರಾಯಣರ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ ಕಾದಂಬರಿಯು 1952ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನಲ್ಲಿ ಬರೆದರೂ ನಾರಾಯಣರು ಮೈಸೂರಿನಲ್ಲಿ ನೆಲಸಿದ್ದವರು. ಅವರ ಮಾರ್ಗಯ್ಯನು ಕನ್ನಡಿಗರಿಗೆ ಅಪರಿಚಿತನಲ್ಲ. 1983ರಲ್ಲಿ ಟಿ. ಎಸ್. ನಾಗಾಭರಣರು ಈ ಕಥೆಯನ್ನು ‘ಬ್ಯಾಂಕರ್ ಮಾರ್ಗಯ್ಯ’ ಎಂಬ ಚಲನಚಿತ್ರವಾಗಿಸಿದರು, ಲೋಕೇಶರು ಆ ಪಾತ್ರವನ್ನು ಅಭಿನಯಿಸಿದರು. ಚಿತ್ರದ ಮಾತು ಹಾಗಿರಲಿ. ಕಾದಂಬರಿಯನ್ನು ಓದಿದವರು ಸಾಮಾನ್ಯವಾಗಿ ಹೇಳುವುದು ಒಂದೇ: ಅತಿಯಾಸೆಯಿಂದ ಅವನಿಗೆ ಗತಿಗೇಡಾಯಿತು ಎಂದು. ಅಷ್ಟೇ ಆಗಿದ್ದರೆ ನಾವು ಇದನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳುತ್ತಿರಲಿಲ್ಲ.

ವಾಚಕರು ಮೊದಲ ಭಾಗವನ್ನು ನಿಧಾನವಾಗಿ ಓದಬೇಕು. ಮಾಲ್ಗುಡಿಯ ಕೇಂದ್ರ ಸಹಕಾರಿ ಭೂ ಅಡಮಾನ ಬ್ಯಾಂಕಿನ ಎದುರಿನ ಆಲದ ಮರದ ಕೆಳಗೆ ಮಾರ್ಗಯ್ಯನು ಒಂದು ತಗಡಿನ ಪೆಟ್ಟಿಗೆಯನ್ನಿಟ್ಟುಕೊಂಡು ಕುಳಿತಿರುತ್ತಾನೆ. ಅದರೊಳಗೆ ಮಸಿ, ಲೇಖನಿ, ಲೆಕ್ಕದ ಪುಸ್ತಕ, ಸಾಲದ ಅರ್ಜಿಯ ಕೆಲವು ನಮೂನೆಗಳು. ಹಳ್ಳಿಯಿಂದ ಬಂದ ರೈತನು ಬ್ಯಾಂಕಿನ ಮೆಟ್ಟಿಲೇರುವ ಮುನ್ನ ಇವನ ಬಳಿಗೆ ಬರುತ್ತಾನೆ. ಯಾರ ಸಾಲ ಎಷ್ಟು ಉಳಿದಿದೆ, ಯಾರು ಯಾರಿಗೆ ಜಾಮೀನು ನಿಲ್ಲಬಲ್ಲರು, ಹಳೆಯ ಸಾಲವನ್ನು ತೀರಿಸಿ ಹೊಸದನ್ನು ಎತ್ತುವ ಬಗೆ ಹೇಗೆ ಎಂಬುದೆಲ್ಲ ಅವನಿಗೆ ಕಂಠಸ್ಥ. ಅವನ ಹುಟ್ಟು ಹೆಸರು ಕೃಷ್ಣ. ದಾರಿ ತೋರಿಸುವವನಾದ್ದರಿಂದ ಜನರ ಬಾಯಲ್ಲಿ ಮಾರ್ಗಯ್ಯನಾದ.

ಈ ದೃಶ್ಯದ ವ್ಯಂಗ್ಯವನ್ನು ತಿಳಿಯಲು ಸಹಕಾರ ಚಳವಳಿಯ ಚರಿತ್ರೆಯನ್ನು ಸ್ವಲ್ಪ ಬಲ್ಲವರಾಗಿರಬೇಕು. 1904ರ ಸಹಕಾರ ಕಾಯಿದೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ಒಕ್ಕಲಿಗನನ್ನು ಬಿಡಿಸುವುದು ಇಂತಹ ಸಂಘಗಳ ಉದ್ದೇಶ. ಒಬ್ಬರನ್ನೊಬ್ಬರು ಬಲ್ಲವರು ಒಬ್ಬರಿಗೊಬ್ಬರು ಹೊಣೆಯಾಗುವುದೇ ಅವುಗಳ ಬಂಡವಾಳ. ಮಾಲ್ಗುಡಿಯ ಬ್ಯಾಂಕಿನಲ್ಲಿ ಆ ಬಲ್ಲತನವು ಕಟ್ಟಡದೊಳಗೆ ಉಳಿದಿಲ್ಲ. ರಸ್ತೆ ದಾಟಿ ಮರದ ಕೆಳಗೆ ಬಂದು ಕುಳಿತಿದೆ. ಸಹಕಾರದ ಹೆಸರಿನ ಸಂಸ್ಥೆಗೆ ಮಧ್ಯವರ್ತಿಯೊಬ್ಬನು ಬೇಕಾಗಿದ್ದಾನೆ! ಹಾಗೆಂದು ಮಾರ್ಗಯ್ಯನನ್ನು ಕಾಯಕಜೀವಿಯೆಂದು ಹೊಗಳಲು ನಾವು ಸಿದ್ಧರಿಲ್ಲ. ಅವನ ಜಾಣತನವು ರೈತನನ್ನು ಸಾಲದಿಂದ ಪಾರುಮಾಡಲಿಲ್ಲ, ಸಾಲದಿಂದ ಸಾಲಕ್ಕೆ ದಾಟಿಸಿತು. ಆದರೂ ಅವನು ದುಡಿಯುತ್ತಿದ್ದ, ಎದುರಿಗೆ ಕುಳಿತವನ ಮುಖವನ್ನು ನೋಡಿ ದುಡಿಯುತ್ತಿದ್ದ.

ಅವನ ಮಹತ್ವಾಕಾಂಕ್ಷೆ ಹುಟ್ಟಿದ್ದು ಅವಮಾನದಿಂದ. ಬ್ಯಾಂಕಿನ ಕಾರ್ಯದರ್ಶಿಯೂ ಜವಾನ ಅರುಳದಾಸನೂ ಬಂದು ಗದರಿಸಿದ ದಿನ, ಹಣವಿಲ್ಲದವನಿಗೆ ಮಾನವಿಲ್ಲವೆಂಬುದು ಅವನ ಎದೆಗೆ ನಾಟುತ್ತದೆ. ಅನಂತರ ಮುದ್ದಿನ ಮಗ ಬಾಲು ಲೆಕ್ಕದ ಪುಸ್ತಕವನ್ನೇ ಚರಂಡಿಗೆ ಎಸೆಯುತ್ತಾನೆ. ಆ ಪುಸ್ತಕದೊಡನೆ ಹೋದದ್ದು ಕಾಗದವಷ್ಟೇ ಅಲ್ಲ, ಗುರುತಿನ ಜನರೊಡನೆ ಅವನಿಗಿದ್ದ ಸಂಬಂಧವೂ ಹೋಯಿತೆಂದು ನಾವು ಭಾವಿಸುತ್ತೇವೆ. ಆಮೇಲೆ ಬರುವ ಲಕ್ಷ್ಮೀಪೂಜೆ, ಕೆಂದಾವರೆಯನ್ನು ಹುಡುಕುತ್ತ ಹೋದಾಗ ದೊರೆಯುವ ಡಾಕ್ಟರ್ ಪಾಲ್, ಅವನು ಕೊಟ್ಟ ಹಸ್ತಪ್ರತಿ, ಮುದ್ರಕ ಮದನಲಾಲನೊಡನೆ ಪಾಲುಗಾರಿಕೆ, ಇವನ್ನೆಲ್ಲ ನಾರಾಯಣರು ನಗುನಗುತ್ತಲೇ ಹೇಳಿಬಿಡುತ್ತಾರೆ. ಆ ಪುಸ್ತಕದಿಂದ ಹಣ ಬಂದಿತು. ಆದರೆ ಯಾರ ಮುಂದೆಯೂ ಹೇಳಿಕೊಳ್ಳಲಾಗದ ಹಣ. ಮಗನ ಮಾನಕ್ಕಾಗಿ ಅದನ್ನು ಬಿಟ್ಟು ಅವನು ಮತ್ತೆ ಲೇವಾದೇವಿಗೆ ಬರುತ್ತಾನೆ.

ಈ ಎರಡನೆಯ ಲೇವಾದೇವಿ ಮೊದಲಿನದಲ್ಲ. ಯುದ್ಧಕಾಲ, ಕಾಳಸಂತೆಯ ಹಣಕ್ಕೆ ಅಡಗುದಾಣ ಬೇಕು. ನೂರಕ್ಕೆ ಇಪ್ಪತ್ತರ ಬಡ್ಡಿಯ ಆಸೆಗೆ ಠೇವಣಿಗಳು ಹರಿದು ಬರುತ್ತವೆ, ಮನೆಯಲ್ಲಿ ನೋಟಿನ ಚೀಲಗಳಿಗೆ ಸ್ಥಳ ಸಾಲದು. ಇಲ್ಲಿಯೂ ಅವನು ಹಗಲಿರುಳೂ ದುಡಿಯುತ್ತಾನೆ, ಬಹುಶಃ ಮರದ ಕೆಳಗೆ ದುಡಿದುದಕ್ಕಿಂತ ಹೆಚ್ಚು. ಶ್ರಮವೆಂಬುದೊಂದನ್ನೇ ಯೋಗ್ಯತೆಯ ಅಳತೆಗೋಲಾಗಿ ಹಿಡಿಯುವವರು ಈ ಪುಟಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಶ್ರಮ ಕುಂದಲಿಲ್ಲ, ಎದುರಿಗಿದ್ದ ಮುಖ ಮರೆಯಾಯಿತು. ಚೀಲವನ್ನು ತಂದುಕೊಟ್ಟವನು ಯಾರೆಂಬುದು ಅವನಿಗೆ ಬೇಕಿಲ್ಲ.

ಆದರೆ ಇಲ್ಲಿಯೇ ಕಾದಂಬರಿಕಾರರಲ್ಲಿ ನಮ್ಮದೊಂದು ಆಕ್ಷೇಪವಿದೆ. ಅರ್ಜಿ ನಮೂನೆಯ ವ್ಯವಹಾರವನ್ನು ಬಿಡಿಬಿಡಿಯಾಗಿ ತೋರಿಸಿದ ನಾರಾಯಣರು, ಇಷ್ಟು ಬಡ್ಡಿ ಎಲ್ಲಿಂದ ಹುಟ್ಟುತ್ತಿತ್ತೆಂಬುದನ್ನು ಮಬ್ಬಿನಲ್ಲಿಯೇ ಬಿಟ್ಟಿದ್ದಾರೆ. ಹೊಸಬನ ಅಸಲೇ ಹಳಬನ ಬಡ್ಡಿಯಾಗುವ ಈ ಯಂತ್ರದ ಒಳಗನ್ನು ತೆರೆದು ತೋರಿಸಿದ್ದರೆ ಕೃತಿಗೆ ಇನ್ನಷ್ಟು ತೂಕ ಬರುತ್ತಿತ್ತು. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಇಂತಹದೇ ಒಂದು ಕಡೆ ತೊಡಗಿಸಿ ಕಳೆದುಕೊಂಡ ಭಕ್ತರೊಬ್ಬರು ಹಿಂದೊಮ್ಮೆ ನಮ್ಮೆದುರು ಕುಳಿತು, ‘ಬುದ್ಧೀ, ಬಡ್ಡಿ ತಿಂಗಳಿಗೆ ಸರಿಯಾಗಿ ಬರುತ್ತಿತ್ತು, ಸಂಶಯವೇ ಬರಲಿಲ್ಲ’ ಎಂದಿದ್ದರು. ಅವರ ಮುಖವನ್ನು ನೋಡಿದ ಮೇಲೆ ಕಾದಂಬರಿಯ ಆ ಭಾಗದಲ್ಲಿ ನಮಗೆ ಮೊದಲಿನಷ್ಟು ನಗು ಬರಲಿಲ್ಲ. ಠೇವಣಿದಾರರು ಮನೆಗೆ ಮುತ್ತಿಗೆ ಹಾಕುವಾಗ ನಾರಾಯಣರು ಮಾರ್ಗಯ್ಯನ ಕಣ್ಣಿನಿಂದಲೇ ನೋಡುತ್ತಾರೆ, ಆ ಗುಂಪಿನೊಳಗಿನ ಒಬ್ಬನ ಹೆಸರನ್ನೂ ಹೇಳುವುದಿಲ್ಲ.

ಪತನಕ್ಕೆ ಕಾರಣ ಲೆಕ್ಕದ ತಪ್ಪಲ್ಲ, ಒಂದು ಹೊಡೆತ. ಮಗನನ್ನು ಕೆಡಿಸಿದ ಪಾಲ್‌ನನ್ನು ಮಾರ್ಗಯ್ಯ ಥಳಿಸುತ್ತಾನೆ; ಅವನು ಊರೆಲ್ಲ ಗುಲ್ಲೆಬ್ಬಿಸುತ್ತಾನೆ; ನಂಬಿಕೆಯೊಂದರ ಮೇಲೆಯೇ ನಿಂತಿದ್ದ ಸಿರಿ ಕರಗುತ್ತದೆ. ಕೊನೆಯ ಪುಟಗಳು ಚಿಕ್ಕವು, ಬಲು ಸೊಗಸಾದವು. ಆ ಹಳೆಯ ಪೆಟ್ಟಿಗೆಯನ್ನೆತ್ತಿಕೊಂಡು ಮರದ ಕೆಳಗೆ ಹೋಗಿ ಕುಳಿತುಕೋ ಎಂದು ತಂದೆ ಬಾಲುವಿಗೆ ಹೇಳುತ್ತಾನೆ. ಜನ ಏನೆಂದುಕೊಂಡಾರು ಎಂದು ಅವನು ಅಳುಕುತ್ತಾನೆ. ಹಾಸಿಗೆಯಿಂದ ಏಳುವಂತಾದೊಡನೆ ತಾನೇ ಹೋಗುವೆನೆಂದು ಹೇಳಿ, ಮಾರ್ಗಯ್ಯನು ಆಡಿಸಲು ಮೊಮ್ಮಗುವನ್ನು ತರಹೇಳುತ್ತಾನೆ.