ಒಡ್ಡರಾಮನೆಂಬ ಬಿರುದು

ಸೊಲ್ಲಾಪುರ, ಅಕ್ಕಲಕೋಟೆಗಳ ಸಭೆಗಳಲ್ಲಿ ಸಿದ್ಧರಾಮನನ್ನು ಕುರಿತು ಕೇಳಿಬರುವ ಭಾಷಣಗಳು ಸಾಮಾನ್ಯವಾಗಿ ಎರಡು ಬಗೆಯವು. ಒಂದರಲ್ಲಿ ಆತ ಪವಾಡಪುರುಷ. ಇನ್ನೊಂದರಲ್ಲಿ ಕೆರೆ ಕಟ್ಟಿಸಿದ ಮಹಾದಾನಿ. ಎರಡರಲ್ಲಿಯೂ ಕಾವ್ಯ ಮರೆಯಾಗುತ್ತದೆ. ಊರಿನ ಕೆಲಸಕ್ಕೆ ಕೈ ಹಚ್ಚುವುದೆಂದರೇನು ಎಂಬ ಪ್ರಶ್ನೆಯನ್ನು ಕನ್ನಡ ಸಾಹಿತ್ಯವು ಈ ಊರಿನ ಮಣ್ಣನ್ನೇ ನಿಮಿತ್ತವಾಗಿ ಮಾಡಿಕೊಂಡು ಚರ್ಚಿಸಿದೆ ಎಂಬುದನ್ನು ನಾವು ನೆನೆಯುವುದು ಕಡಿಮೆ.

ರಾಘವಾಂಕನನ್ನು ಹರಿಶ್ಚಂದ್ರಕಾವ್ಯದ ಕವಿಯೆಂದು ಎಲ್ಲರೂ ಬಲ್ಲರು. ಅವನ ಸಿದ್ಧರಾಮ ಚಾರಿತ್ರವನ್ನು ಓದಿದವರು, ಸಿದ್ಧರಾಮನ ಊರಿನಲ್ಲಿಯೇ, ವಿರಳ. ದನ ಕಾಯುವ ಮುಗ್ಧ ಬಾಲಕನಿಗೆ ಮಲ್ಲಯ್ಯ ಜಂಗಮನಾಗಿ ಕಾಣಿಸಿಕೊಂಡು ಮರೆಯಾಗುತ್ತಾನೆ. ಬಾಲಕ ಅವನನ್ನು ಕೂಗುತ್ತ ಅಳುತ್ತ ಶ್ರೀಶೈಲದವರೆಗೆ ಹೋಗುತ್ತಾನೆ. ಕಾಣದೆ ಕೊಳ್ಳಕ್ಕೆ ಹಾರಲು ಸಿದ್ಧನಾದಾಗ ದೇವರು ಕೈ ಹಿಡಿಯುತ್ತಾನೆ. ಅಕ್ಕಮಹಾದೇವಿಯ ಕಥೆ ಶ್ರೀಶೈಲದ ಕದಳಿಯಲ್ಲಿ ಮುಗಿಯುತ್ತದೆ. ಸಿದ್ಧರಾಮನ ಕಥೆ ಅಲ್ಲಿಂದ ಆರಂಭವಾಗುತ್ತದೆ. ಸೊನ್ನಲಿಗೆಗೆ ಮರಳಿ ಅದನ್ನೇ ಅಭಿನವ ಶ್ರೀಶೈಲವನ್ನಾಗಿ ಮಾಡಬೇಕೆಂಬುದು ಮಲ್ಲಿನಾಥನ ಅಪ್ಪಣೆ. ದೇವರನ್ನು ಅರಸಿ ಊರು ಬಿಟ್ಟವನನ್ನು ದೇವರೇ ಊರಿಗೆ ಹಿಂದಿರುಗಿಸುತ್ತಾನೆ! ಇಡೀ ಕಾವ್ಯದ ಜೀವಸ್ಥಾನ ಇದೆಂದು ನನ್ನ ಭಾವನೆ. ಬಳಿಕ ಬರುವ ಗುಡಿ, ಕೆರೆ, ಲಿಂಗಪ್ರತಿಷ್ಠೆಗಳೆಲ್ಲ ಈ ಮರಳುವಿಕೆಯ ಫಲಗಳೇ. ನಮ್ಮದು ಮಳೆನೆರಳಿನ ಸೀಮೆ. ಇಲ್ಲಿ ಕೆರೆ ಊರಿನ ಅಲಂಕಾರವಲ್ಲ, ಉಸಿರು. ಸುಮಾರು ಏಳು ಶತಮಾನಗಳ ಅನಂತರ, 1871ರ ಹೊತ್ತಿಗೆ, ಬ್ರಿಟಿಷ್ ಸರಕಾರವೂ ಇದೇ ಕಾರಣಕ್ಕೆ ಏಕರುಖದಲ್ಲಿ ದೊಡ್ಡ ಕೆರೆಯನ್ನು ಕಟ್ಟಬೇಕಾಯಿತು.

ಇಷ್ಟೇ ಆಗಿದ್ದರೆ ವಿಷಯ ಸರಳವಾಗಿತ್ತು. ಆದರೆ ಶೂನ್ಯಸಂಪಾದನೆ ಇದಕ್ಕೆ ತೀಕ್ಷ್ಣವಾದ ತಕರಾರನ್ನು ಎತ್ತುತ್ತದೆ. ಕೆರೆಯ ಕೆಲಸ ನಡೆದಿರುವಾಗ ಅಲ್ಲಮಪ್ರಭು ಬಂದು, ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳುತ್ತಾನೆ. ಗುರುವಿಗೆ ಅವಮಾನವಾಯಿತೆಂದು ಕೆಲಸಗಾರರು ಕಲ್ಲೆಸೆಯುತ್ತಾರೆ. ಕಲ್ಲುಗಳು ಅವನನ್ನು ತಾಗದೆ ಗುಡ್ಡೆಯಾಗುತ್ತವೆ. ಸಿದ್ಧರಾಮ ಕ್ರುದ್ಧನಾಗಿ ಬರುತ್ತಾನೆ. ಅವನ ಉರಿಗಣ್ಣೂ ಪ್ರಭುವನ್ನು ಸುಡಲಾರದು. ಮುಂದಿನದು ಸಂವಾದ, ಅನಂತರ ಕಲ್ಯಾಣದ ಪಯಣ, ಚೆನ್ನಬಸವಣ್ಣನಿಂದ ದೀಕ್ಷೆ.

ಈ ಪ್ರಸಂಗವನ್ನು ಓದಿ, ಅಲ್ಲಮನು ಸಮಾಜಸೇವೆಯನ್ನೇ ತಿರಸ್ಕರಿಸಿದನು, ಜ್ಞಾನದ ಮುಂದೆ ಕೆರೆಕಟ್ಟೆಗಳು ತೃಣವೆಂದನು ಎಂದು ವ್ಯಾಖ್ಯಾನಿಸುವವರಿದ್ದಾರೆ. ನಾನು ಒಪ್ಪಲಾರೆ. ಅಲ್ಲಮನ ಬಾಣ ತಾಗುವುದು ಕೆರೆಗಲ್ಲ, ಕೆರೆ ಕಟ್ಟಿಸಿದವನು ನಾನೆಂಬ ಭಾವಕ್ಕೆ. ಮಣ್ಣು ಅಗೆಯುವವರನ್ನು ಒಡ್ಡರೆಂದು ಕರೆದರೆ ಯಾರಿಗೂ ನೋವಿಲ್ಲ; ಅಗೆಸುವ ಗುರುವನ್ನು ಹಾಗೆ ಕರೆದರೆ ಕಲ್ಲು ಹಾರುತ್ತವೆ. ಕೆಲಸ ಪವಿತ್ರ, ಕೆಲಸಗಾರನ ಹೆಸರು ಮಾತ್ರ ಬೈಗುಳ. ಈ ವಿಪರೀತವನ್ನು ಬಯಲಿಗೆ ತರುವುದಕ್ಕೆ ಒಂದೇ ಶಬ್ದ ಸಾಕಾಯಿತು. ಸಂಕಲನಕಾರನ ಮೇಲೆ ನನಗೊಂದು ಆಕ್ಷೇಪವೂ ಉಂಟು: ಸಂವಾದ ಗಹನವಾದಂತೆ ಕಲ್ಲೆಸೆದ ಆ ಜನ ಹಿನ್ನೆಲೆಗೆ ಸರಿದುಬಿಡುತ್ತಾರೆ. ಅವರಿಗೂ ಒಂದು ಮಾತು ಸಲ್ಲಬೇಕಾಗಿತ್ತು. ಆ ಕೊರತೆಯನ್ನು ಇತಿಹಾಸವೇ ತುಂಬಿದಂತಿದೆ. ಇಂದು ಭೋವಿ ಸಮಾಜದವರು ಸಿದ್ಧರಾಮನನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಚಿತ್ರದುರ್ಗದ ಅವರ ಗುರುಪೀಠ ಆತನ ಹೆಸರಿನಲ್ಲಿಯೇ ಇದೆ. ಮೂದಲಿಕೆಯ ಮಾತು ಬಿರುದಾಯಿತು.

ನಮ್ಮ ಊರಿನವರೇ ಆದ ಜಯದೇವಿತಾಯಿ ಲಿಗಾಡೆಯವರು (1912-1986) ಈ ಸೂಕ್ಷ್ಮವನ್ನು ಬಲ್ಲವರಾಗಿದ್ದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಪೀಠವನ್ನೇರಿದ ಮೊದಲ ಮಹಿಳೆಯೆನಿಸಿದ ಅವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಆದರೂ ಸಿದ್ಧರಾಮೇಶ್ವರ ಪುರಾಣವನ್ನು ಕನ್ನಡದಲ್ಲಿ, ಅದೂ ತ್ರಿಪದಿಯಲ್ಲಿ ರಚಿಸಿದರು. ರಾಘವಾಂಕನ ಷಟ್ಪದಿ ವಿದ್ವತ್ಸಭೆಯಲ್ಲಿ ವಾಚಿಸತಕ್ಕದ್ದು. ತ್ರಿಪದಿ ಬೀಸುವ ಕಲ್ಲಿನ ಮುಂದೆ ಹುಟ್ಟಿದ್ದು. ಕೆರೆಯ ಕಥೆಯನ್ನು ದುಡಿಯುವವರ ಬಾಯಿಗೆ ಮರಳಿಸಲು ಇದಕ್ಕಿಂತ ಉಚಿತವಾದ ಛಂದಸ್ಸು ಸಿಗುತ್ತಿತ್ತೇ? ಪುರಾಣದ ಹಿಗ್ಗಿದ ಗಾತ್ರ ಕೆಲವೆಡೆ ಓದುಗನ ತಾಳ್ಮೆಯನ್ನು ಪರೀಕ್ಷಿಸುವುದು ನಿಜ. ಆದರೆ ಛಂದಸ್ಸಿನ ಆಯ್ಕೆಯೊಂದೇ ಅವರ ನಿಲುವನ್ನು ಸಾರುತ್ತದೆ.

ಇನ್ನು ನಮ್ಮ ಮಾತು. ಇಂಥ ಸ್ಮರಣ ಸಂಚಿಕೆಗಳಲ್ಲಿ ದಾನಿಗಳ ಭಾವಚಿತ್ರಗಳಿಗೆ ಪುಟಗಳು ಧಾರಾಳವಾಗಿ ದೊರೆಯುತ್ತವೆ. ಕುರ್ಚಿ ಹಾಕಿದವರ, ಅಡಿಗೆ ಮಾಡಿದವರ ಹೆಸರು ಹುಡುಕಿದರೂ ಸಿಗುವುದಿಲ್ಲ. (ಸಂಪಾದಕರು ಈ ವಾಕ್ಯವನ್ನು ಉಳಿಸಿಕೊಳ್ಳುವರೆಂದು ನಂಬಿದ್ದೇನೆ.) ಸಿದ್ಧೇಶ್ವರ ಕೆರೆಗೆ ಕೈಮುಗಿದು, ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಅದರ ದಂಡೆಯಲ್ಲಿಯೇ ಬಿಟ್ಟು ಹೋಗುವ ಭಕ್ತಿಯನ್ನು ರಾಘವಾಂಕ ಕಂಡಿದ್ದರೆ ಯಾವ ಷಟ್ಪದಿ ಬರೆಯುತ್ತಿದ್ದನೋ ತಿಳಿಯದು.

ಸಂಕ್ರಮಣದ ಗಡ್ಡೆಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ಪ್ರದಕ್ಷಿಣೆಗೆ ಹೊರಡುತ್ತವೆ. ಒಂದೊಂದೂ ಬಲು ಭಾರ. ಬೇರೆ ಬೇರೆ ಸಮಾಜದವರು ಬಿಳಿಯ ಬಾರಾಬಂದಿ ತೊಟ್ಟು ಅವನ್ನು ಹೊರುತ್ತಾರೆ. ಒಬ್ಬ ದಣಿದಾಗ ಇನ್ನೊಬ್ಬ ಮುಂದೆ ಬರುತ್ತಾನೆ. ನೋಡುವ ಜನ ಧ್ವಜದ ತುದಿಯನ್ನು ನೋಡುತ್ತಿರುತ್ತಾರೆ.