ದಾಳವೂ ಕಲಿಕೆಯೂ: ‘ರೂನ್‌ಕ್ವೆಸ್ಟ್’ ಆಟದ ಒಂದು ನಿಯಮದ ವಿವೇಚನೆ

ಪಾತ್ರ ವಹಿಸಿ ಆಡುವ ಅದ್ಭುತಲೋಕದ ಆಟಗಳಲ್ಲಿ ದಾಳವು ಕೇವಲ ಅದೃಷ್ಟದ ಸಾಧನವೆಂದು ಹಲವರು ಭಾವಿಸುವುದುಂಟು. ಈ ಅಭಿಪ್ರಾಯವು ಪರಿಶೀಲನಾರ್ಹವೆಂದು ನಮಗೆ ತೋರುತ್ತದೆ.

ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ರಚಿಸಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಯುದ್ಧಕ್ರೀಡೆಗಳ ಪರಂಪರೆಯಿಂದ ಹುಟ್ಟಿದುದು. ಅದರಲ್ಲಿ ವೈರಿಗಳನ್ನು ಜಯಿಸಿ, ನಿಧಿಯನ್ನು ದೊರಕಿಸಿಕೊಂಡವನಿಗೆ ಅನುಭವದ ಅಂಕಗಳು ಲಭಿಸುತ್ತವೆ. ಅಂಕಗಳು ಗೊತ್ತಾದ ಮೊತ್ತವನ್ನು ಮುಟ್ಟಿದೊಡನೆ ಅವನು ಮೇಲಿನ ಹಂತಕ್ಕೇರುತ್ತಾನೆ. ಹೊನ್ನನ್ನು ಕೂಡಿಹಾಕಿದವನಿಗೆ ಕತ್ತಿವರಸೆಯು ಏಕೆ ಕರಗತವಾಗಬೇಕು ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ.

ಸ್ಟೀವ್ ಪೆರಿನ್ ಮತ್ತು ಸಂಗಡಿಗರು ರಚಿಸಿ, 1978ರಲ್ಲಿ ಕೇಯಾಸಿಯಮ್ ಸಂಸ್ಥೆಯು ಹೊರತಂದ ‘ರೂನ್‌ಕ್ವೆಸ್ಟ್’ ಈ ಕೊರತೆಯನ್ನು ನೀಗಿಸಲು ಯತ್ನಿಸಿತು. ಇಲ್ಲಿ ಪ್ರತಿಯೊಂದು ಕೌಶಲಕ್ಕೂ ಶೇಕಡಾ ಲೆಕ್ಕದ ಬೆಲೆಯುಂಟು. ದಾಳವು ಆ ಬೆಲೆಯೊಳಗೆ ಬಿದ್ದರೆ ಕಾರ್ಯಸಿದ್ಧಿ. ಸಿದ್ಧಿಸಿದ ಕೌಶಲಕ್ಕೆ ಒಂದು ಗುರುತು. ಸಾಹಸವು ಮುಗಿದ ಮೇಲೆ ಗುರುತುಳ್ಳ ಕೌಶಲಕ್ಕಾಗಿ ಮತ್ತೊಮ್ಮೆ ದಾಳವನ್ನು ಎಸೆಯಬೇಕು. ಈ ಬಾರಿ ಅದು ಬೆಲೆಯನ್ನು ಮೀರಿ ಬಿದ್ದರೆ ಮಾತ್ರ ಕೌಶಲವು ವೃದ್ಧಿಸುತ್ತದೆ. ಕಾರ್ಯಕ್ಕೆ ಒದಗುವ ನೈಪುಣ್ಯವೇ ಕಲಿಕೆಗೆ ಅಡ್ಡಿಯಾಗುವ ಈ ವಿಪರ್ಯಾಸದಲ್ಲಿ ನಿಯಮದ ತಿರುಳಿದೆ.

ಬುದ್ಧಿಶಕ್ತಿ ಮೊದಲಾದವುಗಳ ತಿದ್ದುಪಡಿಯನ್ನು ಬದಿಗಿಟ್ಟು ಗಣಿಸಿ ನೋಡೋಣ. ಒಮ್ಮೆ ಮಾತ್ರ ಯತ್ನಿಸಿದರೆ, 10ರ ಬೆಲೆಯ ಅನನುಭವಿಗೂ 90ರ ಬೆಲೆಯ ಪರಿಣತನಿಗೂ ವೃದ್ಧಿಯ ಸಂಭವವು ಶೇಕಡಾ 9 ಮಾತ್ರ. 50ರ ಬೆಲೆಯವನಿಗೆ ಶೇಕಡಾ 25. ಐದು ಬಾರಿ ಯತ್ನಿಸಿದರೆ ಅನನುಭವಿಯ ಸಂಭವವು ಸುಮಾರು 37ಕ್ಕೇರುತ್ತದೆ. ಪರಿಣತನದು 10ರಲ್ಲಿಯೇ ನಿಲ್ಲುತ್ತದೆ. ಅಭ್ಯಾಸವು ಅನನುಭವಿಗೆ ಫಲವೀಯುತ್ತದೆ, ಪರಿಣತನಿಗೆ ಶಿಖರವು ದೂರವಾಗುತ್ತದೆ ಎಂಬ ಲೋಕಾನುಭವವನ್ನು ದಾಳವೇ ಹೀಗೆ ನಿರೂಪಿಸುತ್ತದೆ. ಇದನ್ನು ಬರಿಯ ಅದೃಷ್ಟವೆನ್ನುವುದು ಸಾಧುವಲ್ಲ.

ಆದರೂ ಎರಡು ದೋಷಗಳನ್ನು ಹೇಳದಿರಲಾಗದು. ಒಮ್ಮೆ ಗೆದ್ದರೂ ಇಪ್ಪತ್ತು ಬಾರಿ ಗೆದ್ದರೂ ಗುರುತು ಒಂದೇ. ಆದುದರಿಂದ ಗುರುತಿನ ಆಸೆಗಾಗಿ ಆಟಗಾರನು ಅವಶ್ಯವಿಲ್ಲದೆಯೇ ಆಯುಧದಿಂದ ಆಯುಧಕ್ಕೆ ಹಾರುವ ಪ್ರಲೋಭನೆಗೆ ಎಡೆಯುಂಟು. ಎರಡನೆಯದಾಗಿ, ಸೋತವನು ಏನನ್ನೂ ಕಲಿಯಲಾರನೆಂದು ನಿಯಮವು ಗ್ರಹಿಸುತ್ತದೆ. ‘ಹಾಡುತ್ತ ಹಾಡುತ್ತ ರಾಗ’ ಎಂಬ ನಮ್ಮ ಗಾದೆ ಇದನ್ನು ಒಪ್ಪದು. ಅಪಸ್ವರವನ್ನು ಹಾಯದೆ ರಾಗವನ್ನು ಮುಟ್ಟಿದವರಾರು?

ಕಲಿಕೆಯ ಗತಿಯನ್ನು ಈ ನಿಯಮವು ಸರಿಯಾಗಿ ಕಂಡಿದೆ, ಅದರ ಮೂಲವನ್ನು ಅರ್ಧ ಮಾತ್ರ ಕಂಡಿದೆ ಎಂಬುದು ನಮ್ಮ ಅಭಿಮತ.