ಬೆನ್ನು ನನ್ನದು, ಪಟ್ಟಿ ಅವರದು

ಈ ಸಲ ವಿಮರ್ಶೆಗೆ ಎತ್ತಿಕೊಂಡಿರೋದು ಕಾದಂಬರಿಯೂ ಅಲ್ಲ, ಸಿನಿಮಾನೂ ಅಲ್ಲ. ಏಳು ಈಮೇಲುಗಳು. ಕಳಿಸಿದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿರೋ ಒಂದು ಕೈರೋಪ್ರಾಕ್ಟಿಕ್ ಕ್ಲಿನಿಕ್ಕು. ಹೆಸರು ಬೇಡ, ಯಾಕಂದ್ರೆ ಇಂಥ ಏಳು ಮೇಲುಗಳನ್ನು ಅಲ್ಲಿ ಎಷ್ಟೋ ಕ್ಲಿನಿಕ್ಕುಗಳು ಕಳಿಸುತ್ತವೆ.

ಆನ್‌ಸೈಟ್ ಅಂತ ಅಲ್ಲಿದ್ದಾಗ ಒಂದು ಬೆಳಿಗ್ಗೆ ನನಗೆ ಸೊಂಟ ಹಿಡಿದುಕೊಳ್ತು. ಬಗ್ಗಿ ಶೂ ಲೇಸ್ ಕಟ್ಟೋಕಾಗದಷ್ಟು. ಅಲ್ಲಿ ಡಾಕ್ಟರ ಹತ್ತಿರ ಹೋಗೋದಂದ್ರೆ ಮೊದಲು ಇನ್ಶೂರೆನ್ಸ್ ಲೆಕ್ಕ ಹಾಕಬೇಕು. ಹಾಗಾಗಿ ನಾವೆಲ್ಲ ಮಾಡೋದನ್ನೇ ಮಾಡಿದೆ, ಗೂಗಲ್ ಮಾಡಿದೆ. ಸೊಂಟನೋವಿಗೆ ಮನೆಯಲ್ಲೇ ಮಾಡೋ ವ್ಯಾಯಾಮಗಳ ಉಚಿತ ಪಿಡಿಎಫ್ ಸಿಕ್ಕಿತು. ಬೆಲೆ ಇಷ್ಟೇ: ಹೆಸರು ಮತ್ತು ಈಮೇಲ್. ಈ ಪಿಡಿಎಫ್‌ಗೆ ಮಾರ್ಕೆಟಿಂಗ್‌ನವರು ಲೀಡ್ ಮ್ಯಾಗ್ನೆಟ್ ಅಂತಾರೆ. ನಮ್ಮೂರ ಕೆರೆ ಏರಿ ಮೇಲೆ ಕೂತವರು ಅದಕ್ಕೆ ಎರೆಹುಳ ಅಂತಿದ್ರು.

ಮೊದಲ ಮೇಲು ನಿಜಕ್ಕೂ ಚೆನ್ನಾಗಿತ್ತು. ಹಾಸಿಗೆ ಹಿಡಿದು ಮಲಗಬೇಡಿ, ಸ್ವಲ್ಪ ನಡೆದಾಡಿ, ಮಂಡಿಯನ್ನು ಎದೆಗೆ ತಂದುಕೊಳ್ಳಿ. ಎಲ್ಲ ಸರಿಯಾದ ಮಾತು. ಎರಡನೆಯದರಲ್ಲಿ ಕ್ಲಿನಿಕ್ಕಿನವರ ಸ್ವಂತ ಬೆನ್ನಿನ ಕಥೆ, ಮೂರನೆಯದರಲ್ಲಿ ವಾಸಿಯಾದವರೊಬ್ಬರ ಫೋಟೋ. ನಾಲ್ಕನೆಯದರಲ್ಲಿ ಒಂದು ಪ್ರಶ್ನೆ: ನಿಮ್ಮ ನೋವು ಸೊಂಟದಲ್ಲಿ ಮಾತ್ರವೋ, ಕಾಲಿಗೂ ಇಳಿಯುತ್ತೋ? ಎರಡು ಲಿಂಕ್. ನಾನು ಕಾಲು ಅಂತ ಒತ್ತಿದೆ. ಐದನೆಯ ಮೇಲಿನ ತುಂಬ ಕಾಲಿನ ಜೋಮು, ನರ, ತಡಮಾಡಿದರೆ ಆಗಬಹುದಾದ ಶಾಶ್ವತ ತೊಂದರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಲಗಿದಲ್ಲೇ ಹೆಬ್ಬೆರಳು ಅಲ್ಲಾಡಿಸಿ ನೋಡ್ತಿದ್ದೆ.

ತಮಾಷೆ ಏನಂದ್ರೆ, ಹೆದರಿಸಿದ ಯಂತ್ರ ಯಾವುದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಲಿಂಕ್ ಒತ್ತಿದ ಕೂಡಲೇ ನನ್ನ ಹೆಸರಿಗೆ ಒಂದು ಟ್ಯಾಗ್ ಬೀಳುತ್ತೆ, ಟ್ಯಾಗ್ ನೋಡಿ ಮುಂದಿನ ಮೇಲು ಹೊರಡುತ್ತೆ. ಇಂಥ ಕೋಡನ್ನು ನಾನೇ ಬರೆದಿದ್ದೇನೆ, ಬೆನ್ನಿಗಲ್ಲ, ಶಾಪಿಂಗ್‌ಗೆ. ಇದರ ಹೆಸರು ಡ್ರಿಪ್. ನಮ್ಮ ತೆಂಗಿನ ತೋಟಕ್ಕೆ ಹಾಕಿರೋ ಡ್ರಿಪ್ ಥರವೇ, ಯಾವ ಗಿಡದ ಬುಡಕ್ಕೆ ಎಷ್ಟು ಹನಿ ಅಂತ ಮೊದಲೇ ಲೆಕ್ಕ. ಇಲ್ಲಿ ಹನಿ ಹನಿಯಾಗಿ ಬೀಳ್ತಿದ್ದದ್ದು ಭಯ. ಆರನೆಯ ಮೇಲಲ್ಲಿ 24 ಭೇಟಿಗಳ ಪ್ಯಾಕೇಜಿಗೆ ರಿಯಾಯಿತಿ, ಇವತ್ತೇ ಕೊನೆ. ಏಳನೆಯದರಲ್ಲೂ ಇವತ್ತೇ ಕೊನೆ.

ಈ ವಿದ್ಯೆಗೂ ಪ್ರಚಾರಕ್ಕೂ ಹುಟ್ಟಿನಿಂದಲೇ ನಂಟು. 1895ರಲ್ಲಿ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಕೈರೋಪ್ರಾಕ್ಟಿಕ್ ಶುರುಮಾಡಿದ. ಕಾಯಿಲೆಗಳಲ್ಲಿ ನೂರಕ್ಕೆ 95 ಬರೋದು ಬೆನ್ನುಮೂಳೆ ಜರುಗಿದ್ದರಿಂದ ಅನ್ನೋದು ಅವನ ವಾದ. ಮಗ ಬಿ.ಜೆ. ಪಾಮರ್ ಇನ್ನೂ ಚುರುಕು, 1922ರಲ್ಲಿ ಡಬ್ಲ್ಯುಓಸಿ ಅನ್ನೋ ರೇಡಿಯೋ ಸ್ಟೇಷನ್ನನ್ನೇ ಕೊಂಡುಕೊಂಡ. ರೇಡಿಯೋ ಮಾಡ್ತಿದ್ದ ಕೆಲಸವನ್ನ ಈಗ ಈಮೇಲ್ ಪಟ್ಟಿ ಮಾಡುತ್ತೆ. ವ್ಯತ್ಯಾಸ ಒಂದೇ, ರೇಡಿಯೋಗೆ ನನ್ನ ಕಾಲು ಜೋಮು ಹಿಡಿದದ್ದು ಗೊತ್ತಾಗ್ತಿರಲಿಲ್ಲ.

ಇಡೀ ಕೈರೋಪ್ರಾಕ್ಟಿಕ್ಕೇ ಮೋಸ ಅಂತ ನಾನು ಹೇಳ್ತಿಲ್ಲ. ಸೊಂಟನೋವಿನ ಬಗ್ಗೆ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಮಾತ್ರೆಗಿಂತ ಮೊದಲು ನೋಡಬಹುದಾದ ದಾರಿಗಳ ಪೈಕಿ ಶಾಖ, ಮಸಾಜ್ ಜೊತೆ ಬೆನ್ನುಮೂಳೆಯನ್ನು ಕೈಯಿಂದ ಸರಿಪಡಿಸೋ ಚಿಕಿತ್ಸೆಯೂ ಇದೆ. ಆದರೆ ಅದೇ ಮಾರ್ಗಸೂಚಿ ಇನ್ನೊಂದು ಮಾತು ಹೇಳುತ್ತೆ: ಹೊಸದಾಗಿ ಬಂದ ಸೊಂಟನೋವು ಹೆಚ್ಚಿನವರಿಗೆ ಯಾವ ಚಿಕಿತ್ಸೆ ಮಾಡಿದರೂ ಕಾಲಕ್ರಮೇಣ ತಾನಾಗಿ ಕಡಿಮೆಯಾಗುತ್ತೆ.

ಈ ಏಳು ಮೇಲುಗಳ ರಚನೆಯ ಗುಟ್ಟು ಇರೋದು ಇಲ್ಲೇ. ಅವು ಬಂದದ್ದು ಐದು ವಾರದಲ್ಲಿ. ನೋವು ಇಳಿಯೋ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಆ ಹೊತ್ತಿಗೆ ಯಾರ ಕೈ ಬೆನ್ನ ಮೇಲಿರುತ್ತೋ ಶ್ರೇಯಸ್ಸು ಅವರಿಗೆ. ಕಾಲು ಮುಂದಾಗಿ ಹುಟ್ಟಿದವರು ಕಾಲಿನಿಂದ ಸವರಿದರೆ ಹಿಡಿದ ಸೊಂಟ ಬಿಡುತ್ತೆ ಅಂತ ನಮ್ಮೂರಲ್ಲೂ ನಂಬಿಕೆ ಇತ್ತು. ಎಷ್ಟೋ ಜನಕ್ಕೆ ಬಿಟ್ಟಿದೆ ಕೂಡ. ಕಾರಣ ಕಾಲಲ್ಲ, ಕಾಲ.

ಈಮೇಲ್ ಕಾನೂನಿನ ಮಟ್ಟಿಗೆ ಕ್ಲಿನಿಕ್ಕಿನದು ದೊಡ್ಡ ತಪ್ಪೇನೂ ನನಗೆ ಕಾಣಲಿಲ್ಲ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಕೇಳೋದು ಮುಖ್ಯವಾಗಿ ಮೂರು: ಸಬ್ಜೆಕ್ಟ್ ಲೈನಲ್ಲಿ ದಾರಿ ತಪ್ಪಿಸಬಾರದು, ಅಂಚೆ ವಿಳಾಸ ಇರಬೇಕು, ಬೇಡ ಅಂದವರನ್ನು ಹತ್ತು ಕೆಲಸದ ದಿನಗಳೊಳಗೆ ಪಟ್ಟಿಯಿಂದ ತೆಗೀಬೇಕು. ಹೆದರಿಸಬಾರದು ಅಂತ ಆ ಕಾಯ್ದೆಯಲ್ಲಿ ಇಲ್ಲ. ಪಟ್ಟಿ ಕಟ್ಟೋದೂ ಕೆಟ್ಟ ಕೆಲಸವಲ್ಲ. ಇಬ್ಬರು ಮೂವರು ಇರೋ ಕ್ಲಿನಿಕ್ಕು ಜಾಹೀರಾತಿನಲ್ಲಿ ದೊಡ್ಡ ಆಸ್ಪತ್ರೆ ಜೊತೆ ಪೈಪೋಟಿ ಮಾಡೋಕಾಗಲ್ಲ. ಫೇಸ್‌ಬುಕ್ ತನ್ನ ಲೆಕ್ಕಾಚಾರ ಯಾವಾಗ ಬದಲಿಸುತ್ತೋ ಗೊತ್ತಿಲ್ಲ. ಪಟ್ಟಿಯೊಂದೇ ಅವರ ಸ್ವಂತದ್ದು.

ಪ್ರಶ್ನೆ ಇರೋದು ಪಟ್ಟಿಯನ್ನು ಅಳೆಯೋದರಲ್ಲಿ. ಎಷ್ಟು ಜನ ತೆರೆದು ಓದಿದರು ಅನ್ನೋದು ಒಂದು ಅಳತೆ. ಮೇಲಿನೊಳಗೆ ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ ಚಿತ್ರ ಕೂರಿಸಿ, ಅದು ಲೋಡ್ ಆದರೆ ಓದಿದರು ಅಂತ ಲೆಕ್ಕ. 2021ರಲ್ಲಿ ಆಪಲ್‌ನವರು ಮೇಲ್ ಆ್ಯಪಲ್ಲಿ ಖಾಸಗಿತನದ ರಕ್ಷಣೆ ಅಂತ ತಂದರು. ಅದನ್ನು ಆನ್ ಮಾಡಿಕೊಂಡವರ ಪಾಲಿಗೆ ಆ ಚಿತ್ರಗಳು ಓದಲಿ ಬಿಡಲಿ ಮೊದಲೇ ಲೋಡ್ ಆಗಿಬಿಡುತ್ತವೆ. ಆ ಲೆಕ್ಕ ಅಲ್ಲಿಗೆ ಹಾಳಾಯಿತು. ಉಳಿದದ್ದು ಕ್ಲಿಕ್ಕು, ಬುಕಿಂಗು. ನನ್ನಂಥವನು ನೆಮ್ಮದಿಯಾಗಿ ಮನೆಯಲ್ಲೇ ವಾಸಿಯಾದರೆ ಆ ಡ್ಯಾಶ್‌ಬೋರ್ಡಿನಲ್ಲಿ ಅದು ಸೋಲು. ಹೆದರಿ ದುಡ್ಡು ಕಟ್ಟಿದರೆ ಗೆಲುವು. ಯಾವುದನ್ನು ಅಳೀತೀವೋ ಅದೇ ಬೆಳೆಯುತ್ತೆ, ಕೋಡು ಬರೆಯೋ ನಮ್ಮ ಪಾಲೂ ಅದರಲ್ಲಿದೆ.

ಪ್ಯಾಕೇಜ್ ಪುಟದಲ್ಲಿ ಕಾರ್ಡ್ ನಂಬರ್ ಅರ್ಧ ಟೈಪ್ ಮಾಡಿದ್ದೆ, ಸುಳ್ಳು ಯಾಕೆ. ಆಗ ಅಮ್ಮನ ಫೋನ್ ಬಂತು. ಸೊಂಟದ ವಿಷಯ ಹೇಳಿದೆ. "ನಿಮ್ಮಪ್ಪಂಗೂ ಹಿಂಗೇ ಹಿಡ್ಕಂಡಿತ್ತಲ್ಲ, ಉಳುಕು ತೆಗೆಯೋ ಅಜ್ಜ ಏನಂದ ನೆನಪಿಲ್ವಾ?" ಅಂದಳು.

ನೆನಪಾಯಿತು. ಆ ಅಜ್ಜನಿಗೆ ನೋವಿನೆಣ್ಣೆ ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ. ಅಪ್ಪನ ಸೊಂಟ ಮುಟ್ಟಿ ನೋಡಿ, ಎಣ್ಣೆ ಸವರಿ ಹೇಳಿದ್ದ: "ಹದಿನೈದು ದಿನ ನೋಡಪ್ಪ. ಕಾಲು ಸೋತ್ರೆ, ಉಚ್ಚೆ ಕಟ್ಕಂಡ್ರೆ ಮಾತ್ರ ನನ್ನತ್ರ ಬರಬ್ಯಾಡ, ಸೀದಾ ದೊಡ್ಡಾಸ್ಪತ್ರೆಗೆ ಹೋಗು." ಎಷ್ಟೋ ವರ್ಷ ಆದಮೇಲೆ ಓದಿ ತಿಳಿದುಕೊಂಡೆ, ಸೊಂಟನೋವಿನ ಜೊತೆ ಕಾಲಿನ ಶಕ್ತಿ ಕುಗ್ಗೋದು, ಮೂತ್ರದ ಹಿಡಿತ ತಪ್ಪೋದು ನಿಜಕ್ಕೂ ತುರ್ತಾಗಿ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು.

ಏಳು ಮೇಲುಗಳನ್ನೂ ಮತ್ತೆ ತೆಗೆದು ಓದಿದೆ. ಅಜ್ಜ ಹೇಳಿದ ಎರಡು ಮಾತಿನಲ್ಲಿ ಒಂದೂ ಎಲ್ಲೂ ಇರಲಿಲ್ಲ. ಕಾಯಿರಿ ಅಂತಲೂ ಇಲ್ಲ, ಇಂಥದ್ದಾದರೆ ನಮ್ಮ ಹತ್ತಿರ ಬರಬೇಡಿ ಅಂತಲೂ ಇಲ್ಲ. ಐದನೆಯ ಮೇಲು ಇಷ್ಟೆಲ್ಲ ಹೆದರಿಸಿಯೂ ಯಾವಾಗ ಆಸ್ಪತ್ರೆಗೆ ಓಡಬೇಕು ಅಂತ ಹೇಳಲಿಲ್ಲ. ವಿಮರ್ಶಕನಾಗಿ ನನ್ನ ತಕರಾರು ಇಷ್ಟೇ: ಎಂಟನೆಯ ಮೇಲು ಬರೀಬೇಕಿತ್ತು, ಬರೀಲಿಲ್ಲ.

ಅನ್‌ಸಬ್‌ಸ್ಕ್ರೈಬ್ ಒತ್ತಿದೆ. ನೀವು ಹೋಗ್ತಿರೋದು ನಮಗೆ ಬೇಸರ ಅಂತ ಬಂತು. ಮಾರನೇ ವಾರ ಬಗ್ಗಿ ಲೇಸ್ ಕಟ್ಟಿಕೊಂಡೆ.